ಗಂಗೋತ್ರಿಯ ಹೊಣೆ

ಒಂದು ಕೆರೆಯ ಹಿರಿಮೆಯನ್ನು ಅಳೆಯುವುದು ಹೇಗೆ? ಏರಿಯ ಎತ್ತರವನ್ನೂ ನೀರಿನ ಹರವನ್ನೂ ಕಂಡು ದಾರಿಹೋಕನು ಮೆಚ್ಚಬಹುದು. ಆದರೆ ಊರಿನ ಬೇಸಾಯಗಾರನು ಕೇಳುವ ಪ್ರಶ್ನೆಯೇ ಬೇರೆ. ಆ ಕೆರೆಯ ಅಚ್ಚುಕಟ್ಟು ಎಷ್ಟು? ತೂಬನ್ನು ತೆರೆದಾಗ ಕಾಲುವೆಯ ಕೊನೆಯಲ್ಲಿರುವ ಬಡವನ ಗದ್ದೆಗೂ ನೀರು ಮುಟ್ಟುತ್ತದೆಯೆ? ಈ ಪ್ರಶ್ನೆಗೆ ಹೌದೆಂಬ ಉತ್ತರ ದೊರೆತರೆ ಮಾತ್ರ ಅದು ಒಳ್ಳೆಯ ಕೆರೆ. ಇಲ್ಲವಾದರೆ ಅದು ನೋಟಕ್ಕೆ ಚೆಲುವಾದ ನೀರಿನ ರಾಶಿಯೇ ಹೊರತು ಮತ್ತೇನೂ ಅಲ್ಲ.

ವಿಶ್ವವಿದ್ಯಾನಿಲಯವನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕೆಂಬುದು ನನ್ನ ಅಭಿಪ್ರಾಯ. ಭವ್ಯವಾದ ಕಟ್ಟಡಗಳು, ಪದವಿ ಪಡೆದವರ ಸಂಖ್ಯೆ, ಘಟಿಕೋತ್ಸವದ ವೈಭವ ಇವೆಲ್ಲವೂ ಕೆರೆಯ ಏರಿಯಿದ್ದಂತೆ. ಅವು ಬೇಕು, ಆದರೆ ಅವುಗಳಿಂದಲೇ ಬೆಳೆ ಬೆಳೆಯುವುದಿಲ್ಲ. ಸಾರ್ವಜನಿಕ ವಿಶ್ವವಿದ್ಯಾನಿಲಯವು ನಡೆಯುವುದು ಜನರ ಹಣದಿಂದ. ಅದರ ಬಾಗಿಲನ್ನು ಒಮ್ಮೆಯೂ ತುಳಿಯದವರು, ತುಳಿಯಲಾರದವರು ಕೂಡ ಅದಕ್ಕೆ ತಮ್ಮ ಪಾಲನ್ನು ಸಲ್ಲಿಸಿರುತ್ತಾರೆ. ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣವನ್ನು ಕೊಂಡ ಕೂಲಿಯವನೂ ಸರಕಾರಕ್ಕೆ ತೆರಿಗೆ ತೆತ್ತಿರುತ್ತಾನಲ್ಲವೆ? ಆ ಕೂಲಿಯವನಿಗೆ ವಿಶ್ವವಿದ್ಯಾನಿಲಯವು ಏನನ್ನು ಹಿಂದಿರುಗಿಸಿದೆ ಎಂಬುದೇ ಅದರ ನಿಜವಾದ ಪರೀಕ್ಷೆ.

ಇದು ಬರಿಯ ಆದರ್ಶದ ಮಾತಲ್ಲ. ನಮ್ಮ ನಾಡಿನ ಮೊದಲನೆಯ ವಿಶ್ವವಿದ್ಯಾನಿಲಯವಾದ ಮೈಸೂರು ವಿಶ್ವವಿದ್ಯಾನಿಲಯದ ಚರಿತ್ರೆಯನ್ನು ಅವಲೋಕಿಸಿದರೆ ಈ ಮಾತಿನ ಸತ್ಯವು ಮನದಟ್ಟಾಗುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ಉನ್ನತ ಶಿಕ್ಷಣವನ್ನು ಕೊಡುವ ಎರಡು ಪ್ರಮುಖ ಕಾಲೇಜುಗಳಿದ್ದವು. ಮೈಸೂರಿನ ಮಹಾರಾಜಾ ಕಾಲೇಜು ಒಂದು; ಬೆಂಗಳೂರಿನ ಸೆಂಟ್ರಲ್ ಕಾಲೇಜು ಇನ್ನೊಂದು. ಆದರೆ ಇವೆರಡೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪಾಠ ನಡೆಯುತ್ತಿದ್ದುದು ಇಲ್ಲಿ. ಏನನ್ನು ಓದಬೇಕು, ಹೇಗೆ ಪರೀಕ್ಷೆ ಮಾಡಬೇಕು ಎಂಬುದು ತೀರ್ಮಾನವಾಗುತ್ತಿದ್ದುದು ಮದರಾಸಿನಲ್ಲಿ. 1911ರ ಜನಗಣತಿಯಂತೆ ಸಂಸ್ಥಾನದ ಜನಸಂಖ್ಯೆ ಸುಮಾರು 58 ಲಕ್ಷ. ಅವರಲ್ಲಿ ನೂರಕ್ಕೆ ಹತ್ತು ಮಂದಿಗೂ ಓದುಬರಹ ತಿಳಿದಿರಲಿಲ್ಲ. ಇಂತಹ ನಾಡಿಗೆ ತನ್ನದೇ ಆದ ವಿಶ್ವವಿದ್ಯಾನಿಲಯ ಬೇಕೆಂದು ಬಯಸಿದವರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು. ಅದನ್ನು ಕಾರ್ಯರೂಪಕ್ಕೆ ತಂದವರು 1912ರಿಂದ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು. ಅಕ್ಷರವೇ ಇಲ್ಲದ ನಾಡಿಗೆ ವಿಶ್ವವಿದ್ಯಾನಿಲಯವೇಕೆ, ಮೊದಲು ಪ್ರಾಥಮಿಕ ಶಾಲೆಗಳಾಗಲಿ ಎಂದು ಯಾರಾದರೂ ಕೇಳಬಹುದು. ಆದರೆ ಶಾಲೆಗೆ ಉಪಾಧ್ಯಾಯರು ಬೇಕು; ಆಸ್ಪತ್ರೆಗೆ ವೈದ್ಯರು ಬೇಕು; ಕಟ್ಟೆ ಕಾಲುವೆಗಳಿಗೆ ಇಂಜಿನಿಯರುಗಳು ಬೇಕು. ಇವರೆಲ್ಲರೂ ಹೊರಗಿನಿಂದ ಬರುವವರೆಗೆ ಕಾದು ಕುಳಿತ ನಾಡು ಎಂದಿಗೂ ತನ್ನ ಕಾಲಿನ ಮೇಲೆ ನಿಲ್ಲಲಾರದು.

ವಿಶ್ವವಿದ್ಯಾನಿಲಯವನ್ನು ಸ್ಥಾಪಿಸುವ ಮುನ್ನ ಬೇರೆ ದೇಶಗಳಲ್ಲಿ ಅವು ಹೇಗೆ ನಡೆಯುತ್ತಿವೆ ಎಂಬುದನ್ನು ತಿಳಿಯಲು ಸಂಸ್ಥಾನವು ಮುಂದಾಯಿತು. ಈ ಅಧ್ಯಯನದ ಹೊಣೆಯನ್ನು ಹೊತ್ತವರು ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಸಿ. ಆರ್. ರೆಡ್ಡಿಯವರು ಮತ್ತು ಥಾಮಸ್ ಡೆನ್ಹಾಂ ಅವರು. ಅವರ ಕಣ್ಣಿಗೆ ಬಿದ್ದ ಮಾದರಿಗಳಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳೂ ಅಮೆರಿಕದ ಷಿಕಾಗೊ, ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯಗಳೂ ಇದ್ದವು. ಇವುಗಳಲ್ಲಿ ವಿಸ್ಕಾನ್ಸಿನ್ ಮಾದರಿಯು ನಮ್ಮ ವಿಷಯಕ್ಕೆ ತುಂಬ ಹತ್ತಿರವಾದುದು. ವಿಶ್ವವಿದ್ಯಾನಿಲಯದ ಎಲ್ಲೆಯು ಅದರ ಬೇಲಿಯಲ್ಲ, ಇಡೀ ರಾಜ್ಯದ ಎಲ್ಲೆಯೇ ಅದರ ಎಲ್ಲೆ ಎಂಬುದು ಅಲ್ಲಿನವರು ಬೆಳೆಸಿದ ಭಾವನೆ.

ಆ ಭಾವನೆ ಬಾಯಿಮಾತಾಗಿ ಉಳಿಯಲಿಲ್ಲ ಎಂಬುದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. ಹಿಂದೆ ಆ ಸೀಮೆಯ ರೈತರು ಬೆಣ್ಣೆ ಗಿಣ್ಣುಗಳ ಕಾರ್ಖಾನೆಗೆ ಹಾಲನ್ನು ಹಾಕಿದಾಗ ತೂಕವನ್ನು ನೋಡಿ ಹಣ ಕೊಡುತ್ತಿದ್ದರು. ಹಾಲಿಗೆ ನೀರು ಬೆರೆಸಿದವನಿಗೂ ಗಟ್ಟಿ ಹಾಲನ್ನು ತಂದವನಿಗೂ ಒಂದೇ ಬೆಲೆ! 1890ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ವಿಜ್ಞಾನಿ ಸ್ಟೀಫನ್ ಬ್ಯಾಬ್ಕಾಕ್ ಎಂಬವರು ಇದಕ್ಕೆ ಪರಿಹಾರವನ್ನು ಕಂಡುಹಿಡಿದರು. ಉದ್ದ ಕತ್ತಿನ ಸೀಸೆಯಲ್ಲಿ ಹಾಲಿಗೆ ಗಂಧಕಾಮ್ಲವನ್ನು ಸೇರಿಸಿ ವೇಗವಾಗಿ ಸುತ್ತಿಸಿದರೆ ಕೊಬ್ಬಿನ ಅಂಶವು ಬೇರೆಯಾಗಿ ಸೀಸೆಯ ಕತ್ತಿಗೆ ಬಂದು ನಿಲ್ಲುತ್ತದೆ. ಅಲ್ಲಿರುವ ಗೆರೆಗಳಿಂದ ಅದರ ಪ್ರಮಾಣವನ್ನು ಓದಬಹುದು. ಈ ಉಪಾಯದಿಂದ ಪ್ರಾಮಾಣಿಕನಾದ ರೈತನಿಗೆ ನ್ಯಾಯವಾದ ಬೆಲೆ ದೊರೆಯಿತು. ತಮ್ಮ ಶೋಧನೆಯ ಮೇಲೆ ಬ್ಯಾಬ್ಕಾಕ್ ಹಕ್ಕುಸ್ವಾಮ್ಯವನ್ನು ಪಡೆಯಲಿಲ್ಲ. ನಮ್ಮ ಊರಿನ ಹಾಲಿನ ಡೇರಿಯಲ್ಲಿ ಇಂದು ಕೊಬ್ಬಿನ ಅಂಶವನ್ನು ನೋಡಿ ಬೆಲೆ ಕಟ್ಟುವ ಪದ್ಧತಿಯ ಹಿಂದೆ ಇಂತಹದೊಂದು ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಿದೆ ಎಂಬುದನ್ನು ನೆನೆದರೆ ಸಂಶೋಧನೆಯ ಬೆಲೆಯೇನೆಂಬುದು ತಿಳಿಯುತ್ತದೆ.

ಇಂತಹ ಆದರ್ಶಗಳನ್ನು ಕಣ್ಣಮುಂದಿಟ್ಟುಕೊಂಡು 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯವು ಜನ್ಮ ತಾಳಿತು. ಬ್ರಿಟಿಷರ ನೇರ ಆಡಳಿತದ ಹೊರಗೆ ಭಾರತದಲ್ಲಿ ಹುಟ್ಟಿದ ಮೊದಲನೆಯ ವಿಶ್ವವಿದ್ಯಾನಿಲಯ ಅದು. ನಾಲ್ವಡಿ ಕೃಷ್ಣರಾಜ ಒಡೆಯರು ಮೊದಲ ಕುಲಾಧಿಪತಿಗಳು, ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ದೊಡ್ಡ ವಿದ್ವಾಂಸರನ್ನು ಅರಸಿ ಕರೆತರುವುದರಲ್ಲಿ ಆಗಿನವರು ಹಿಂದೆಗೆಯಲಿಲ್ಲ. 1918ರಲ್ಲಿ ಎಸ್. ರಾಧಾಕೃಷ್ಣನ್ ಅವರು ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅವರು ಕಲ್ಕತ್ತೆಗೆ ಹೊರಟುನಿಂತಾಗ ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ, ತಾವೇ ನೊಗಕ್ಕೆ ಹೆಗಲು ಕೊಟ್ಟು ರೈಲು ನಿಲ್ದಾಣದವರೆಗೆ ಗಾಡಿಯನ್ನು ಎಳೆದುಕೊಂಡು ಹೋದರು. ಗುರುವಿನ ಪಾಂಡಿತ್ಯಕ್ಕೆ ಮಾತ್ರ ಸಂದ ಗೌರವವಲ್ಲ ಅದು. ಗುರುಶಿಷ್ಯರ ನಡುವೆ ಬೆಳೆದಿದ್ದ ವಿಶ್ವಾಸಕ್ಕೆ ಸಂದ ಗೌರವ.

ಆ ದಿನಗಳ ವಿದ್ಯಾರ್ಥಿ ಜೀವನವು ಸುಖದ ಹಾಸಿಗೆಯಾಗಿರಲಿಲ್ಲ. ಹಳ್ಳಿಗಳಿಂದ ಬಂದ ಎಷ್ಟೋ ಮಂದಿ ಬಡ ಹುಡುಗರು ವಾರಾನ್ನದಲ್ಲಿ ಓದಿದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಯಾವುದಾದರೂ ಒಂದು ವಾರಕ್ಕೆ ಮನೆ ಸಿಕ್ಕದಿದ್ದರೆ ಆ ದಿನ ತಣ್ಣೀರೇ ಗತಿ. ಮತ್ತೆ ಕೆಲವರಿಗೆ ಉಚಿತ ವಿದ್ಯಾರ್ಥಿನಿಲಯಗಳು ಆಶ್ರಯ ಕೊಟ್ಟವು. ಆದರೆ ವಾರಾನ್ನದ ಮನೆಯ ಬಾಗಿಲೂ ಎಲ್ಲ ಜಾತಿಯ ಹುಡುಗರಿಗೆ ತೆರೆದಿರಲಿಲ್ಲ ಎಂಬುದನ್ನು ನಾವು ಮರೆಯಬಾರದು. ಸರಕಾರಿ ಕೆಲಸಗಳಲ್ಲಿ ಹಿಂದುಳಿದ ವರ್ಗದವರಿಗೆ ಸರಿಯಾದ ಪಾಲು ಸಿಗುತ್ತಿಲ್ಲವೆಂಬ ಕೂಗೆದ್ದು, 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ನೇಮಕವಾಯಿತು. ವಿದ್ಯೆಯ ಕೆರೆಯನ್ನು ಕಟ್ಟಿದೊಡನೆ ನೀರು ತಾನಾಗಿ ಎಲ್ಲ ಗದ್ದೆಗಳಿಗೂ ಹರಿಯುವುದಿಲ್ಲ; ಕಾಲುವೆಗಳನ್ನು ತೋಡಬೇಕಾಗುತ್ತದೆ ಎಂಬ ಪಾಠವನ್ನು ಆ ಕಾಲವು ನಮಗೆ ಕಲಿಸಿದೆ.

ವಿಶ್ವವಿದ್ಯಾನಿಲಯದ ಮೊದಲನೆಯ ಕೆಲಸ ಬೋಧನೆ, ಎರಡನೆಯದು ಸಂಶೋಧನೆ. ಇರುವ ತಿಳಿವನ್ನು ಹಂಚುವುದು ಬೋಧನೆಯಾದರೆ ಇಲ್ಲದ ತಿಳಿವನ್ನು ಹುಡುಕುವುದು ಸಂಶೋಧನೆ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಪುಸ್ತಕ ಭಂಡಾರವು ಮುಂದೆ ಈ ವಿಶ್ವವಿದ್ಯಾನಿಲಯದ ಅಂಗವಾಯಿತು. ಅಲ್ಲಿನ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ, ತಂಜಾವೂರು ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಗರಿಯ ಕಟ್ಟೊಂದನ್ನು ಪರಿಶೀಲಿಸಿದರು. ಅದು ಕೌಟಿಲ್ಯನ ‘ಅರ್ಥಶಾಸ್ತ್ರ’! ಬೇರೆ ಗ್ರಂಥಗಳಲ್ಲಿ ಬರುವ ಉಲ್ಲೇಖಗಳಿಂದ ಮಾತ್ರ ಲೋಕಕ್ಕೆ ತಿಳಿದಿದ್ದ ಆ ಗ್ರಂಥದ ಪೂರ್ಣಪಾಠವನ್ನು ಅವರು 1909ರಲ್ಲಿ ಪ್ರಕಟಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ಪ್ರಾಚೀನ ಭಾರತೀಯರಿಗೆ ರಾಜ್ಯಶಾಸ್ತ್ರವೇ ತಿಳಿದಿರಲಿಲ್ಲವೆಂದು ಹೇಳುತ್ತಿದ್ದವರು ತಮ್ಮ ಮಾತನ್ನು ತಿದ್ದಿಕೊಳ್ಳಬೇಕಾಯಿತು. ಧೂಳು ಹಿಡಿದ ಒಂದು ಓಲೆಯ ಕಟ್ಟು, ಅದನ್ನು ತಾಳ್ಮೆಯಿಂದ ಓದಬಲ್ಲ ಒಬ್ಬ ವಿದ್ವಾಂಸ, ಅವನಿಗೆ ನೆರಳು ಕೊಟ್ಟ ಒಂದು ಸಂಸ್ಥೆ ಈ ಮೂರೂ ಕೂಡಿದಾಗ ಚರಿತ್ರೆಯೇ ಬದಲಾಯಿತು.

ಮೂರನೆಯ ಕೆಲಸವೊಂದಿದೆ. ಅದು ಪ್ರಸಾರ. ಪಡೆದ ತಿಳಿವನ್ನು ಗೋಡೆಯ ಹೊರಗಿರುವವರಿಗೆ ಅವರದೇ ಮಾತಿನಲ್ಲಿ ಮುಟ್ಟಿಸುವುದು. ಬೋಧನೆಯೂ ಸಂಶೋಧನೆಯೂ ಎಲ್ಲ ವಿಶ್ವವಿದ್ಯಾನಿಲಯಗಳೂ ಒಪ್ಪುವ ಕರ್ತವ್ಯಗಳು. ಪ್ರಸಾರವಾದರೋ ಎಲ್ಲರೂ ಹೊಗಳಿ, ಎಲ್ಲರೂ ಬೇಗನೆ ಮರೆಯುವ ಕರ್ತವ್ಯ. ಮೈಸೂರಿನ ವಿಶೇಷವಿರುವುದು ಈ ಮೂರನೆಯ ಕೆಲಸದಲ್ಲಿಯೇ.

1918ರಲ್ಲಿ ಸೆಂಟ್ರಲ್ ಕಾಲೇಜಿನ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದರು. ಕನ್ನಡದಲ್ಲಿ ವಿಜ್ಞಾನವನ್ನು ಹೇಳಲು ಸಾಧ್ಯವೆ ಎಂದು ಜನ ಸಂದೇಹಪಡುತ್ತಿದ್ದಾಗ ಅವರು ಹೇಳಿಯೇ ತೋರಿಸಿದರು. ಮರುವರ್ಷ ಅದೇ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ‘ಪ್ರಬುದ್ಧ ಕರ್ಣಾಟಕ’ವು ಹುಟ್ಟಿತು, ಮುಂದೆ ಅದು ವಿಶ್ವವಿದ್ಯಾನಿಲಯದ ಪತ್ರಿಕೆಯಾಯಿತು. ಇಂಗ್ಲಿಷ್ ಪ್ರಾಧ್ಯಾಪಕರಾದ ಬಿ. ಎಂ. ಶ್ರೀಕಂಠಯ್ಯನವರು ಕನ್ನಡದ ಏಳಿಗೆಗಾಗಿ ಊರೂರು ಸುತ್ತಿದರು. 1927ರಲ್ಲಿ ಕನ್ನಡ ಎಂ.ಎ. ತರಗತಿಯು ಆರಂಭವಾಯಿತು. 1930ರ ದಶಕದಲ್ಲಿ ವಿಶ್ವವಿದ್ಯಾನಿಲಯವು ಪ್ರಸಾರಾಂಗವನ್ನು ತೆರೆಯಿತು. ಅಧ್ಯಾಪಕರು ಹಳ್ಳಿಪಟ್ಟಣಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಕೊಟ್ಟರು. ಆ ಉಪನ್ಯಾಸಗಳು ಕೆಲವೇ ಆಣೆಗಳ ಕಿರುಹೊತ್ತಗೆಗಳಾಗಿ ಅಚ್ಚಾದವು. 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾಯಿತು. 1969ರಲ್ಲಿ ಮೊದಲ ಸಂಪುಟವನ್ನು ಕಂಡ ಕನ್ನಡ ವಿಶ್ವಕೋಶವು ಕ್ರಮವಾಗಿ 14 ಸಂಪುಟಗಳಲ್ಲಿ ಬೆಳೆದು 2004ರಲ್ಲಿ ಪೂರ್ಣಗೊಂಡಿತು. ಒಂದು ತಲೆಮಾರು ಆರಂಭಿಸಿದ ಕೆಲಸವನ್ನು ಇನ್ನೊಂದು ತಲೆಮಾರು ಮುಗಿಸಬೇಕಾದರೆ ಸಂಸ್ಥೆಯೊಂದು ಗಟ್ಟಿಯಾಗಿ ನಿಂತಿರಲೇಬೇಕು.

ಈ ಮೂರು ಕೆಲಸಗಳೂ ಒಬ್ಬರಲ್ಲಿಯೇ ಕೂಡಿಬಂದುದನ್ನು ನಾವು ಕುವೆಂಪು ಅವರಲ್ಲಿ ಕಾಣಬಹುದು. ಮಲೆನಾಡಿನ ಹಳ್ಳಿಯಿಂದ ಬಂದು, ಮೈಸೂರಿನ ರಾಮಕೃಷ್ಣಾಶ್ರಮದಲ್ಲಿದ್ದುಕೊಂಡು ಓದಿದ ಅವರು 1929ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದರು. ಇದೇ ವಿಶ್ವವಿದ್ಯಾನಿಲಯದಲ್ಲಿ ಓದಿ ಪದವಿ ಪಡೆದು ಅದರ ಕುಲಪತಿಗಳಾದವರಲ್ಲಿ ಅವರೇ ಮೊದಲಿಗರು. ಸ್ನಾತಕೋತ್ತರ ಅಧ್ಯಯನ ಮತ್ತು ಸಂಶೋಧನೆಗೆಂದು ಮೈಸೂರಿನ ಪಶ್ಚಿಮದಲ್ಲಿ ಅವರ ಕಾಲದಲ್ಲಿ ರೂಪುಗೊಂಡ ವಿಶಾಲವಾದ ಆವರಣಕ್ಕೆ ಅವರು ಇಟ್ಟ ಹೆಸರು ‘ಮಾನಸಗಂಗೋತ್ರಿ’. ಮನಸ್ಸಿನ ಗಂಗೆ ಹುಟ್ಟುವ ತಾಣ ಎಂಬುದು ಅದರ ಅರ್ಥ. 1960ರಲ್ಲಿ ಉದಯಿಸಿದ ಆ ಗಂಗೋತ್ರಿಯಲ್ಲಿ ವಿಜ್ಞಾನ, ಸಾಹಿತ್ಯ, ಸಮಾಜಶಾಸ್ತ್ರಗಳ ವಿಭಾಗಗಳೂ ಗ್ರಂಥಾಲಯವೂ ವಿದ್ಯಾರ್ಥಿನಿಲಯಗಳೂ ಮರಗಳ ನೆರಳಿನಲ್ಲಿ ಬೆಳೆದುನಿಂತವು. ಅಲ್ಲಿನ ಜಯಲಕ್ಷ್ಮೀವಿಲಾಸವೆಂಬ ಅರಮನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯವು ನೆಲೆಗೊಂಡಿತು. ರಾಜಕುಮಾರಿಗಾಗಿ ಕಟ್ಟಿಸಿದ ಸೌಧದಲ್ಲಿ ಒಕ್ಕಲಿಗನ ಉಪಕರಣಗಳಿಗೂ ತೊಗಲುಬೊಂಬೆಗಳಿಗೂ ಆಸನ ದೊರೆತುದು ಅರ್ಥಪೂರ್ಣವಾದ ಸಂಗತಿಯಲ್ಲವೆ?

ಮಾನಸಗಂಗೋತ್ರಿಯ ಮಗ್ಗುಲಲ್ಲಿಯೇ ಕುಕ್ಕರಹಳ್ಳಿ ಕೆರೆಯಿದೆ. ಈಗ ಅದು ನೀರುಹಕ್ಕಿಗಳ ತಾಣ. ಬೆಳಗಿನ ಹೊತ್ತು ವಿದ್ಯಾರ್ಥಿಗಳೂ ಊರವರೂ ಅದರ ಏರಿಯ ಮೇಲೆ ಅಡ್ಡಾಡುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಅದನ್ನು ಕಟ್ಟಿಸಿದುದು ವಿಹಾರಕ್ಕಾಗಿ ಅಲ್ಲ, ಊರಿನ ಹೊರಗಣ ಹೊಲಗದ್ದೆಗಳಿಗೆ ನೀರುಣಿಸುವುದಕ್ಕಾಗಿ. ಗಂಗೋತ್ರಿ ಎಂಬ ಹೆಸರಿನಲ್ಲಿಯೂ ಇದೇ ಅರ್ಥವಿದೆ. ಗಂಗೋತ್ರಿಯಲ್ಲಿ ಗಂಗೆ ಹುಟ್ಟುತ್ತಾಳೆ, ನಿಲ್ಲುವುದಿಲ್ಲ. ಬಯಲಿಗೆ ಇಳಿದುದರಿಂದಲೇ ಅವಳು ಗಂಗೆ.

ಗಂಗೆ ಇಳಿದುಬಂದಂತೆ ಮೈಸೂರು ವಿಶ್ವವಿದ್ಯಾನಿಲಯದಿಂದಲೂ ಬೇರೆ ಬೇರೆ ವಿಶ್ವವಿದ್ಯಾನಿಲಯಗಳು ಕವಲೊಡೆದಿವೆ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ, 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಹುಟ್ಟಿದವು. ಮನೆಯಲ್ಲಿದ್ದುಕೊಂಡೇ ಓದುವವರಿಗೆಂದು ತೆರೆದಿದ್ದ ಅಂಚೆ ಶಿಕ್ಷಣ ಸಂಸ್ಥೆಯು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. 2016ರಲ್ಲಿ ತಾಯಿಸಂಸ್ಥೆಗೆ ನೂರು ವರ್ಷ ತುಂಬಿತು. ಒಂದು ನಾಡಿಗೆ ಇದು ಹೆಮ್ಮೆಯ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಹೆಮ್ಮೆಯೊಂದೇ ಸಾಲದು. ವಿಶ್ವವಿದ್ಯಾನಿಲಯವೆಂದರೆ ಪದವಿಪತ್ರವನ್ನು ಕೊಡುವ ಕಚೇರಿ, ಪದವಿಪತ್ರವೆಂದರೆ ಉದ್ಯೋಗದ ರಹದಾರಿ ಎಂಬ ಭಾವನೆ ಇಂದು ಪ್ರಬಲವಾಗಿದೆ. ಉದ್ಯೋಗವನ್ನು ಬಯಸುವುದು ತಪ್ಪಲ್ಲ. ಬಡವರ ಮಕ್ಕಳಿಗೆ ಅದು ಅನ್ನದ ಪ್ರಶ್ನೆ. ಆದರೆ ಉದ್ಯೋಗಕ್ಕಾಗಿ ಕಲಿಸುವ ಕೆಲಸವನ್ನು ಬೇರೆ ಸಂಸ್ಥೆಗಳೂ ಮಾಡಬಲ್ಲವು. ಹತ್ತು ವರ್ಷ ಒಂದು ತಾಳೆಗರಿಯ ಮುಂದೆ ಕುಳಿತುಕೊಳ್ಳಲು, ಲಾಭವನ್ನು ಬಯಸದೆ ಹಾಲಿನ ಸೀಸೆಯನ್ನು ಪರೀಕ್ಷಿಸಲು, ಮೂವತ್ತೈದು ವರ್ಷ ಒಂದು ವಿಶ್ವಕೋಶಕ್ಕೆ ದುಡಿಯಲು ಅವಕಾಶವಿರುವುದು ಜನರ ಹಣದಿಂದ ನಡೆಯುವ ವಿಶ್ವವಿದ್ಯಾನಿಲಯದಲ್ಲಿ. ಅದು ಸೊರಗಿದರೆ ಆ ಕೆಲಸಗಳನ್ನು ಮಾಡುವವರು ಇರುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ಪರಿಶೀಲಿಸಬೇಕು. ವಿದ್ವಾಂಸನು ಹಳ್ಳಿಗೆ ಹೋಗಿ ಉಪನ್ಯಾಸ ಮಾಡುತ್ತ ಕುಳಿತರೆ ಸಂಶೋಧನೆಯ ಗತಿಯೇನು? ಪಾಂಡಿತ್ಯದ ಮಟ್ಟ ಇಳಿಯುವುದಿಲ್ಲವೆ? ಲೋಕದ ವಿದ್ವಾಂಸರೊಡನೆ ಮಾತನಾಡಲು ಇಂಗ್ಲಿಷ್ ಬೇಡವೆ? ಬೇಕು, ಖಂಡಿತವಾಗಿಯೂ ಬೇಕು. ಶಾಮಶಾಸ್ತ್ರಿಗಳು ಇಂಗ್ಲಿಷಿನಲ್ಲಿ ಬರೆದುದರಿಂದಲೇ ಲೋಕವು ಕೌಟಿಲ್ಯನನ್ನು ಅರಿಯಿತು. ಆದರೆ ಲೋಕದ ವಿದ್ವಾಂಸರಿಗೆ ಕೊಡುವ ಲೆಕ್ಕ ಒಂದು. ಅನ್ನವಿಕ್ಕಿದ ಜನಕ್ಕೆ ಒಪ್ಪಿಸುವ ಲೆಕ್ಕ ಇನ್ನೊಂದು. ಒಂದನ್ನು ಕೊಟ್ಟು ಇನ್ನೊಂದನ್ನು ಮರೆಯಬಾರದು. ತಾನು ತಿಳಿದುದನ್ನು ಸಾಮಾನ್ಯನಿಗೆ ತಿಳಿಯುವಂತೆ ಹೇಳಲು ಹೊರಟಾಗಲೇ ತನಗೆ ಎಷ್ಟು ತಿಳಿದಿದೆ ಎಂಬುದು ವಿದ್ವಾಂಸನಿಗೂ ಗೊತ್ತಾಗುತ್ತದೆ. ಆದುದರಿಂದ ಪ್ರಸಾರವು ಪಾಂಡಿತ್ಯಕ್ಕೆ ಶತ್ರುವಲ್ಲ, ಅದರ ಒರೆಗಲ್ಲು.

ನನ್ನ ಸಲಹೆ ಸರಳವಾದುದು. ಪಿಎಚ್.ಡಿ. ಪದವಿಗಾಗಿ ಪ್ರಬಂಧವನ್ನು ಒಪ್ಪಿಸುವ ಪ್ರತಿಯೊಬ್ಬರೂ ಅದರ ಸಾರವನ್ನು ಹತ್ತು ಪುಟಗಳ ತಿಳಿಗನ್ನಡದಲ್ಲಿ ಬರೆದುಕೊಡಲಿ. ಅವು ತಾಲ್ಲೂಕಿನ ಗ್ರಂಥಾಲಯಗಳಿಗೂ ಪ್ರೌಢಶಾಲೆಗಳಿಗೂ ತಲುಪಲಿ. ವರ್ಷಕ್ಕೊಮ್ಮೆಯಾದರೂ ಪ್ರತಿಯೊಬ್ಬ ಅಧ್ಯಾಪಕರು ಹಳ್ಳಿಯ ಶಾಲೆಯೊಂದಕ್ಕೆ ಹೋಗಿ ತಮ್ಮ ವಿಷಯವನ್ನು ಕುರಿತು ಮಾತನಾಡಲಿ. ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಡಲಿ. ಇದಕ್ಕೆ ಹೆಚ್ಚು ಹಣ ಬೇಕಿಲ್ಲ; ಮನಸ್ಸು ಬೇಕು.

ಆದರೆ ಹೊಣೆಯೆಲ್ಲವನ್ನೂ ವಿಶ್ವವಿದ್ಯಾನಿಲಯದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ನೀರು ಬೇಕೆನ್ನುವ ಊರು ಕೆರೆಯ ಹೂಳನ್ನು ತೆಗೆಯಬೇಕು. ನೀರು ಬರುವ ಹಳ್ಳಗಳನ್ನು ಕಾಪಾಡಬೇಕು. ನಮ್ಮ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾನಿಲಯಗಳಲ್ಲಿ ಖಾಯಂ ಅಧ್ಯಾಪಕರ ಸ್ಥಾನಗಳು ಎಷ್ಟೋ ಖಾಲಿ ಉಳಿದಿವೆ. ಪಾಠದ ಭಾರವನ್ನು ಅತಿಥಿ ಉಪನ್ಯಾಸಕರು ಅಲ್ಪ ಸಂಭಾವನೆಗೆ ಹೊತ್ತಿದ್ದಾರೆ. ಮುಂದಿನ ವರ್ಷ ತನಗೆ ಕೆಲಸವಿರುವುದೋ ಇಲ್ಲವೋ ಎಂದು ಚಿಂತಿಸುವವನಿಂದ ಹತ್ತು ವರ್ಷದ ಸಂಶೋಧನೆಯನ್ನು ನಿರೀಕ್ಷಿಸುವುದು ಹೇಗೆ? ಹೊಸ ಹೊಸ ವಿಶ್ವವಿದ್ಯಾನಿಲಯಗಳನ್ನು ಘೋಷಿಸುವುದು ಸುಲಭ. ಇರುವುದನ್ನು ಅಧ್ಯಾಪಕರಿಂದಲೂ ಗ್ರಂಥಗಳಿಂದಲೂ ಪ್ರಯೋಗಶಾಲೆಗಳಿಂದಲೂ ತುಂಬುವುದು ಕಷ್ಟ. ಈ ಕಷ್ಟದ ಕೆಲಸವನ್ನು ಮಾಡುವಂತೆ ಸರಕಾರವನ್ನು ಒತ್ತಾಯಿಸಬೇಕಾದವರು ಪ್ರಜೆಗಳಾದ ನಾವೇ.

ವಿದ್ಯಾರ್ಥಿಗಳೆ, ನಿಮ್ಮಲ್ಲಿ ಕೆಲವರು ಇನ್ನು ಕೆಲವೇ ವರ್ಷಗಳಲ್ಲಿ ಒಂದು ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಏರುವಿರಿ. ಮತ್ತೆ ಕೆಲವರು ಹೊಲದಲ್ಲಿಯೋ ಅಂಗಡಿಯಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿಯುವಿರಿ. ಒಳಗೆ ಹೋಗುವವರು, ತಮ್ಮ ಶುಲ್ಕವನ್ನು ತಾವು ಕೊಟ್ಟುದರಿಂದ ಋಣ ತೀರಿತೆಂದು ತಿಳಿಯಬಾರದು. ಅಲ್ಲಿನ ಪ್ರತಿಯೊಂದು ಪುಸ್ತಕದಲ್ಲಿಯೂ ಕಾಣದ ಕೈಗಳ ದುಡಿಮೆಯಿದೆ. ಹೊರಗೆ ಉಳಿಯುವವರು, ಅದು ತಮ್ಮದಲ್ಲವೆಂದು ದೂರ ಸರಿಯಬಾರದು, ಅದು ನಿಮ್ಮದೇ. ಅಲ್ಲಿ ಏನು ನಡೆಯುತ್ತಿದೆ, ನಮಗಾಗಿ ಏನನ್ನು ಕಂಡುಹಿಡಿದಿದ್ದೀರಿ ಎಂದು ಕೇಳುವ ಅಧಿಕಾರ ನಿಮಗಿದೆ. ಕೇಳುವವರು ಇರುವವರೆಗೆ ಹೇಳುವವರೂ ಇರುತ್ತಾರೆ.